ಮೂರು ಹಿತ್ತಾಳೆ ಪಟ್ಟಿ

ಅನ್ಸೆಲ್ಮೋನ ಮೋಟಾರ್ ಹನ್ನೆರಡನೇ ಸಲ ಸುಟ್ಟದ್ದು ಜುಲೈ ಮೊದಲ ವಾರದಲ್ಲಿ. ಗೋಣಿಚೀಲದಲ್ಲಿ ಸುತ್ತಿ, ಪಿಕಪ್ ಹಿಂದೆ ಹಾಕಿಕೊಂಡು ಬಂದು, ಬೆಳಗ್ಗೆ ಒಂಬತ್ತಕ್ಕೆ ನನ್ನ ಅಂಗಡಿ ಮುಂದೆ ಇಳಿಸಿದ. ಪಕ್ಕದ ಬೇಕರಿಯ ಬಾಗಿಲಲ್ಲಿ ನಿಂತಿದ್ದ ಒಫೇಲಿಯಾ ಕೈಯ ಹಿಟ್ಟು ಕೊಡವುತ್ತ ನನಗೆ ಕಣ್ಣು ಹೊಡೆದಳು.

ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಅಪ್ಪನ ಕಾಲದ್ದು. ಅಪ್ಪ ಸತ್ತ ಮೇಲೆ ನಾನೇ ಕೂತಾಗ, ಹೆಂಗಸು ಕಾಯಿಲ್ ಸುತ್ತುತ್ತಾಳಾ ಎಂದು ನಮ್ಮೂರು ತಂದಿಲ್‌ನ ಜನ ನಕ್ಕರು. ಅವರವರ ಪಂಪು ಸುಟ್ಟ ಮೇಲೆ ನಗು ನಿಂತಿತು. ಇಲ್ಲಿ ಕಲ್ಲುಗಣಿಯವರಿದ್ದಾರೆ, ಹಾಲಿನ ಕೊಟ್ಟಿಗೆಯವರಿದ್ದಾರೆ, ಚಾಕು ಮಾಡುವವರಂತೂ ಬೀದಿಗೊಬ್ಬರು. ಎಲ್ಲರ ಮೋಟಾರೂ ಒಂದಲ್ಲ ಒಂದು ದಿನ ಸುಡುತ್ತದೆ. ನನಗೀಗ ನಲವತ್ತೊಂದು. ಮದುವೆಯಾಗಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ, ಆಗಲಿಲ್ಲ.

ಅನ್ಸೆಲ್ಮೋ ಚಾಕು ಮಾಡುವವನು. ಊರಿಂದ ನಾಲ್ಕು ಕಿಲೋಮೀಟರ್ ಆಚೆ, ಗುಡ್ಡದ ಬುಡದಲ್ಲಿ ಅವನ ಕಾರ್ಖಾನೆ. ಕಾರ್ಖಾನೆ ಎಂದರೆ ತಗಡಿನ ಒಂದು ಕೊಠಡಿ. ಹೆಂಡತಿ ಬಹಳ ಹಿಂದೆ ಮಾರ್ ದೆಲ್ ಪ್ಲಾತಾದ ಅಕ್ಕನ ಮನೆಗೆ ಹೋದವಳು ಅಲ್ಲೇ ಉಳಿದಳು. ಅವನ ಬೆಲ್ಟ್ ಗ್ರೈಂಡರ್ ಅವನೇ ಕಟ್ಟಿಕೊಂಡದ್ದು: ಮೂರು ಗಾಲಿ, ಅವುಗಳ ಮೇಲೆ ಓಡುವ ಉಪ್ಪುಕಾಗದದ ಉದ್ದನೆ ಪಟ್ಟಿ, ಓಡಿಸಲು ಒಂದು ಮೋಟಾರ್. ಆ ಮೋಟಾರನ್ನು ಮುಚ್ಚಿಹೋದ ಒಂದು ಹಾಲಿನ ಕೊಟ್ಟಿಗೆಯಿಂದ ತಂದಿದ್ದ. ಹಾಲು ಕರೆಯುವ ಯಂತ್ರಕ್ಕೆ ಅದು ಸರಿಯಾದ ಮೋಟಾರೇ. ಸಿಂಗಲ್ ಫೇಸ್, ಒಂದು ಎಚ್.ಪಿ., ಮೈಗೆಲ್ಲ ಗಾಳಿ ಆಡಲು ಸೀಳು. ಸಾಣೆ ಹಿಡಿಯುವವನಿಗೆ ಅದು ವಿಷ. ಉಕ್ಕಿನ ಪುಡಿ ಸೀಳಿನಿಂದ ಒಳಗೆ ಹೋಗಿ ಕಾಯಿಲ್‌ಗೆ ಅಂಟಿಕೊಳ್ಳುತ್ತದೆ, ವಾರ್ನಿಷ್ ಕೊರೆಯುತ್ತದೆ, ಆರು ತಿಂಗಳಿಗೆ ಹೊಗೆ.

ಇದು ನನಗೆ ಮೊದಲನೇ ಸಲ ಬಿಚ್ಚಿದಾಗಲೇ ಗೊತ್ತಾಗಿತ್ತು. ಪುಡಿಯನ್ನು ಕುಂಚದಿಂದ ಗುಡಿಸಿ, ಹೊಸ ತಂತಿ ಸುತ್ತಿ ಕೊಟ್ಟೆ. ಏನೂ ಹೇಳಲಿಲ್ಲ. ಮೊದಲ ಸಲ ಹೇಳದೆ ಇದ್ದದ್ದು ಮರೆವು ಅನ್ನಬಹುದು. ಉಳಿದ ಹತ್ತು ಸಲ ಮರೆವಲ್ಲ.

ಮೋಟಾರ್ ಸುಟ್ಟರೆ ಅವನು ಎರಡು ಸಲ ಬರುತ್ತಿದ್ದ. ಕೊಡಲು ಒಮ್ಮೆ, ಒಯ್ಯಲು ಒಮ್ಮೆ. ಕೊಡಲು ಬಂದಾಗ, ನಾನು ಬಿಚ್ಚಿ ನೋಡುವವರೆಗೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರುತ್ತಿದ್ದ. ನಾನು ಸೋರೆಬುರುಡೆಯಲ್ಲಿ ಮಾಟೆ ಸೊಪ್ಪು ತುಂಬಿ ಬಿಸಿನೀರು ಹೊಯ್ದು ಕೊಡುತ್ತಿದ್ದೆ, ಅವನು ಕೊಳವೆಯಲ್ಲಿ ಹೀರಿ ವಾಪಸು ಕೊಡುತ್ತಿದ್ದ. ಸಾಕಾದವರು ಬುರುಡೆ ವಾಪಸು ಕೊಡುವಾಗ ಥ್ಯಾಂಕ್ಸ್ ಅನ್ನಬೇಕು. ಆಮೇಲೆ ಅವರಿಗೆ ಹೊಯ್ಯುವುದಿಲ್ಲ. ಫ್ಲಾಸ್ಕಿನ ನೀರು ತಣ್ಣಗಾದರೂ ಅನ್ಸೆಲ್ಮೋ ಥ್ಯಾಂಕ್ಸ್ ಅನ್ನುತ್ತಿರಲಿಲ್ಲ. ಉಕ್ಕಿನ ಹದ, ಅವನ ನಾಯಿಯ ಕಾಲುನೋವು, ನನ್ನ ಅಪ್ಪ, ಇಷ್ಟೇ ಮಾತು. ಹನ್ನೊಂದು ಸಲ ಸುಟ್ಟದ್ದಕ್ಕೆ ಇಪ್ಪತ್ತೆರಡು ಭೇಟಿ. ಅದರ ಆಸೆಗೇ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಸುಟ್ಟ ತಾಮ್ರವನ್ನು ತಿಂಗಳಿಗೊಮ್ಮೆ ಬರುವ ಗುಜರಿಯವನಿಗೆ ತೂಕಕ್ಕೆ ಹಾಕುವುದು ನಮ್ಮ ಕಸುಬಿನ ರೂಢಿ. ಅನ್ಸೆಲ್ಮೋನ ಮೋಟಾರಿಂದ ಬಿಚ್ಚಿದ ಕಾಯಿಲ್ ಕಟ್ಟುಗಳನ್ನು ನಾನು ಹಾಕುತ್ತಿರಲಿಲ್ಲ. ಹಿಂದಿನ ಗೋಡೆಯ ಮೊಳೆಗೆ ನೇತುಹಾಕಿದ್ದೆ. ಒಫೇಲಿಯಾ ಒಂದು ದಿನ ಎಣಿಸಿಬಿಟ್ಟಳು.

“ಜನ ಕಾಗದ ಇಟ್ಕೋತಾರೆ, ಒಣಗಿದ ಹೂವು ಇಟ್ಕೋತಾರೆ. ನೀನು ಸುಟ್ಟ ತಂತಿ ಇಟ್ಕೊಂಡಿದೀಯಲ್ಲೇ, ಸುಲೇಮಾ,” ಎಂದಳು. “ಆರು ವರ್ಷದಿಂದ ಒಬ್ಬರಿಗೊಬ್ಬರು ನೀವು, ತಾವು ಅಂತಾನೇ ಇದೀರಿ. ನನಗಾದ್ರೂ ಒಂದು ಬ್ರೆಡ್ ಚಾಕು ಕೊಟ್ಟ. ನಿನಗೇನು ಕೊಟ್ಟಿದಾನೆ, ಹೊಗೆ?”

ಬ್ರೆಡ್ ಚಾಕು ಕೊಟ್ಟಾಗ ನಾನೂ ಇದ್ದೆ. ಒಫೇಲಿಯಾ ಗಲ್ಲಾಪೆಟ್ಟಿಗೆಯ ತಳ ಕೆದಕಿ ಒಂದು ನಾಣ್ಯ ಹುಡುಕಿ ಅವನ ಅಂಗೈಲಿಟ್ಟು ಮುಷ್ಟಿ ಮುಚ್ಚಿದ್ದಳು. ಚಾಕುವನ್ನು ಸುಮ್ಮನೆ ತೆಗೆದುಕೊಳ್ಳಬಾರದು. ಒಂದು ನಾಣ್ಯವಾದರೂ ಕೊಡಬೇಕು. ಇಲ್ಲದಿದ್ದರೆ ಕೊಟ್ಟವರ, ಪಡೆದವರ ನಂಟು ಕತ್ತರಿಸಿಹೋಗುತ್ತದೆ. ನಂಬದವರೂ ಕೊಡುತ್ತಾರೆ.

ಹನ್ನೆರಡನೇ ಸಲ ಅವನು ಸ್ಟೂಲಿನ ಮೇಲೆ ಕೂರಲಿಲ್ಲ. ನಟ್ಟು ಸಡಿಲಿಸುತ್ತಿದ್ದ ನನ್ನ ಪಕ್ಕದಲ್ಲೇ ನಿಂತ.

“ಬಿಚ್ಬೇಡಿ. ಮೊದಲು ಒಂದು ಮಾತು ಕೇಳ್ಬೇಕು,” ಎಂದ.

ಬ್ಯೂನಸ್ ಐರಿಸ್‌ನ ಚಾಕು ಪ್ರದರ್ಶನಕ್ಕೆ ಹೋಗಿದ್ದನಂತೆ. ಕೊರ್ದೊಬಾದ ಒಬ್ಬ ಚಾಕುಗಾರ ಇವನ ಗ್ರೈಂಡರಿನ ಫೋಟೋ ನೋಡಿ ನಕ್ಕನಂತೆ. ಮೈತುಂಬ ತೂತಿರುವ ಮೋಟಾರ್ ಇಟ್ಟುಕೊಂಡು ಯಾರಾದರೂ ಉಕ್ಕು ಸಾಣೆ ಹಿಡಿಯುತ್ತಾರಾ, ನಿನ್ನ ವೈಂಡಿಂಗಿನವನು ಚೆನ್ನಾಗಿ ಸುಲಿಯುತ್ತಿದ್ದಾನೆ ಎಂದನಂತೆ.

“ನೀವೇನಂದ್ರಿ?” ಎಂದೆ.

“ವೈಂಡಿಂಗಿನವನಲ್ಲ, ಹೆಂಗಸು ಅಂದೆ. ಸುಳ್ಳು ಹೇಳೋ ಪೈಕಿ ಅಲ್ಲ ಅಂದೆ.” ಟೋಪಿ ತೆಗೆದು ತಲೆ ಕೆರೆದುಕೊಂಡ. “ಆದ್ರೆ ಈ ಹೆಣ ಹೊತ್ತು ಹೊತ್ತು ನನಗೂ ಸಾಕಾಗಿದೆ. ನವೆಂಬರ್ ಪ್ರದರ್ಶನಕ್ಕೆ ದೊಡ್ಡ ಚಾಕು ಒಂದು ಮಾಡ್ತಿದೀನಿ. ಯಾವ ಮೋಟಾರ್ ತಗೊಳ್ಳಲಿ, ಹೇಳಿ.”

ನಾನು ಕೈ ಒರೆಸಿಕೊಂಡೆ. ಒರೆಸಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡೆ.

ಮೂರು ದಾರಿ ಇದ್ದವು. ಇದನ್ನೇ ಮತ್ತೆ ಸುತ್ತಬಹುದು: ವರ್ಷಕ್ಕೆ ನಾಲ್ಕು ಭೇಟಿ. ಮೈ ಮುಚ್ಚಿದ ಹೊಸ ಸಿಂಗಲ್ ಫೇಸ್ ತೆಗೆದುಕೊಳ್ಳಬಹುದು: ಪುಡಿ ಒಳಗೆ ಹೋಗುವುದಿಲ್ಲ, ಆದರೂ ಅದಕ್ಕೊಂದು ಕೆಪಾಸಿಟರ್ ಇರುತ್ತದೆ, ಒಳಗೆ ಒಂದು ಸ್ವಿಚ್ಚಿರುತ್ತದೆ, ಎರಡು ವರ್ಷಕ್ಕೊಮ್ಮೆಯಾದರೂ ಒಂದು ಕೈಕೊಡುತ್ತದೆ. ಮೂರನೆಯದು ತ್ರೀ ಫೇಸ್, ಮೈ ಮುಚ್ಚಿದ್ದು, ಎರಡು ಎಚ್.ಪಿ., ಜೊತೆಗೆ ಒಂದು ಡ್ರೈವ್ ಪೆಟ್ಟಿಗೆ. ಮನೆಯ ಸಾಮಾನ್ಯ ಕರೆಂಟನ್ನೇ ಆ ಪೆಟ್ಟಿಗೆ ತ್ರೀ ಫೇಸ್ ಮಾಡಿಕೊಡುತ್ತದೆ. ಗುಂಡಿ ಈಚೆ ತಿರುಗಿಸಿದರೆ ಬೆಲ್ಟ್ ನಿಧಾನ, ಆಚೆ ತಿರುಗಿಸಿದರೆ ಜೋರು. ಅಲಗಿನ ತುದಿ ಕಾದು ನೀಲಿಗಟ್ಟುವುದಿಲ್ಲ, ಹದ ಕೆಡುವುದಿಲ್ಲ. ಅಂಥ ಮೋಟಾರಿನಲ್ಲಿ ಕೆಡಲು ಬೇರಿಂಗ್ ಬಿಟ್ಟರೆ ಏನೂ ಇಲ್ಲ. ಬೇರಿಂಗ್ ಅವನೇ ಹಾಕಿಕೊಳ್ಳುತ್ತಾನೆ.

ನನಗೆ ನಡುವಿನದನ್ನು ಹೇಳುವ ಆಸೆಯಾಯಿತು. ಸುಳ್ಳೇನಲ್ಲ, ಸುಮಾರಾದ ಮೋಟಾರೇ. ಬಾಯಿ ತೆಗೆಯುವಷ್ಟರಲ್ಲಿ ಅವನು, “ನಿಮ್ಮದೇ ಯಂತ್ರ ಆಗಿದ್ರೆ ಏನು ಹಾಕ್ತಿದ್ರಿ?” ಎಂದ.

“ತ್ರೀ ಫೇಸ್. ಎರಡು ಎಚ್.ಪಿ. ಡ್ರೈವ್ ಸಮೇತ,” ಎಂದೆ. ನಾನು ಹೇಳಿದ್ದಲ್ಲ, ಕಸುಬು ಹೇಳಿತು.

“ಆಮೇಲೆ ಸುಡಲ್ವಾ?”

“ನೀವೇ ಬೆಂಕಿ ಇಟ್ರೆ ಸುಡುತ್ತೆ.”

ಅವನು ನಕ್ಕ. ಅವತ್ತು ಮಾಟೆ ಎರಡೇ ಸುತ್ತು ಕುಡಿದ. ಎರಡನೆಯದಕ್ಕೆ ಥ್ಯಾಂಕ್ಸ್ ಅಂದ. ಕೆಲಸ ಬಹಳ ಇದೆ ಎಂದ. ಸುಟ್ಟ ಮೋಟಾರ್ ಮತ್ತೆ ಗೋಣಿಚೀಲ ಸೇರಿ ನನ್ನ ಅಂಗಡಿಯ ಮೂಲೆಯಲ್ಲಿ ಉಳಿಯಿತು.

ಮೋಟಾರನ್ನು ನಾನೇ ಹುಡುಕಿಕೊಟ್ಟೆ. ಮುಚ್ಚಿದ ಬಿಸ್ಕತ್ ಫ್ಯಾಕ್ಟರಿಯೊಂದರ ಸರಕು, ನನ್ನ ಹಿತ್ತಲಲ್ಲಿತ್ತು. ಬಿಚ್ಚಿ, ಹೊಸ ಬೇರಿಂಗ್ ಹಾಕಿ, ಬಣ್ಣ ಬಳಿದೆ. ಡ್ರೈವ್ ಬ್ಯೂನಸ್ ಐರಿಸ್‌ನಿಂದ ಬಸ್ಸಿನಲ್ಲಿ ಬಂತು. ಒಂದು ಶುಕ್ರವಾರ ಎಲ್ಲ ಹೊತ್ತುಕೊಂಡು ಅವನ ಕಾರ್ಖಾನೆಗೆ ಹೋದೆ. ಆರು ವರ್ಷದಲ್ಲಿ ಅದೇ ಮೊದಲು. ಗೋಡೆಯ ಉದ್ದಕ್ಕೂ ಅಲಗುಗಳು, ಜಿಂಕೆಕೊಂಬಿನ ತುಂಡುಗಳು, ಒಲೆಯ ಪಕ್ಕ ಕುಂಟು ನಾಯಿ. ಮೋಟಾರಿನ ಒಂದು ಕಾಲು ನೆಲಕ್ಕೆ ಹತ್ತಲಿಲ್ಲ. ನಾನು ಯಾವಾಗಲೂ ಮಾಡುವ ಹಾಗೆ ಜೇಬಿನಿಂದ ಎರಡು ಹಳೆಯ ಪೆಸೋ ನಾಣ್ಯ ತೆಗೆದು ಕೆಳಗೆ ತುರುಕಿ ಬೋಲ್ಟ್ ಬಿಗಿದೆ. ಬೆಲೆಗಳು ಏರಿ ಏರಿ ನಾಣ್ಯಕ್ಕೆ ಈಗ ಬೇರೆ ಕೆಲಸವಿಲ್ಲ.

ಆಮೇಲೆ ಮೋಟಾರಿನ ಬೆನ್ನ ಮೇಲಿನ ಪೆಟ್ಟಿಗೆ ತೆರೆದೆ.

ಆ ಪೆಟ್ಟಿಗೆಯಲ್ಲಿ ಆರು ಮೊಳೆ, ಮೂರು ಹಿತ್ತಾಳೆ ಪಟ್ಟಿ ಇರುತ್ತವೆ. ಪಟ್ಟಿಗಳನ್ನು ಅಡ್ಡಕ್ಕೆ ಹಾಕಿದರೆ ಸ್ಟಾರ್. ಫ್ಯಾಕ್ಟರಿಯ ದೊಡ್ಡ ಕರೆಂಟಿಗೆ ಅದು. ಮೂರನ್ನೂ ನೆಟ್ಟಗೆ ಹಾಕಿದರೆ ಡೆಲ್ಟಾ. ಮನೆ ಕರೆಂಟಿನ ಡ್ರೈವ್‌ಗೆ ಡೆಲ್ಟಾ ಆಗಲೇಬೇಕು. ಇಲ್ಲದಿದ್ದರೆ ಮೋಟಾರ್ ತಿರುಗುತ್ತದೆ, ಆದರೆ ಅರೆಹೊಟ್ಟೆಯ ಎತ್ತಿನ ಹಾಗೆ, ಮೂರರಲ್ಲಿ ಒಂದು ಪಾಲು ಶಕ್ತಿ. ಬಿಸ್ಕತ್ ಫ್ಯಾಕ್ಟರಿಯ ಪಟ್ಟಿಗಳು ಅಡ್ಡಕ್ಕೇ ಇದ್ದವು.

ಹತ್ತೊಂಬತ್ತು ವರ್ಷದಲ್ಲಿ ನಾನು ಇದನ್ನು ಒಂದು ಸಲವೂ ಮರೆತಿಲ್ಲ. ಅವತ್ತೂ ಮರೆಯಲಿಲ್ಲ. ಸ್ಪ್ಯಾನರ್ ಕೈಯಲ್ಲಿತ್ತು. ಅನ್ಸೆಲ್ಮೋ ಆಚೆ ನೀರು ಕಾಯಿಸುತ್ತಿದ್ದ. ಪಟ್ಟಿಗಳನ್ನು ನೋಡಿದೆ. ಅವು ಅಡ್ಡ ಇದ್ದ ಹಾಗೆಯೇ ವೈರುಗಳನ್ನು ಕಟ್ಟಿದೆ. ಮುಚ್ಚಳ ಹಾಕಿ ನಾಲ್ಕೂ ಸ್ಕ್ರೂ ಬಿಗಿದೆ.

ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಮೋಟಾರಿಗೆ ದಮ್ಮಿಲ್ಲ ಎಂದು ಬಂದೇ ಬರುತ್ತಾನೆ. ಹೋಗಿ ಸರಿಮಾಡಿ ಬರುವುದು. ಆಮೇಲೆ ಇನ್ನೇನಾದರೂ ನೆವ ಇದ್ದೇ ಇರುತ್ತದೆ. ಇಷ್ಟೇ ನನ್ನ ಲೆಕ್ಕ.

ಭಾರವಿಲ್ಲದೆ ಓಡಿಸಿದರೆ ವ್ಯತ್ಯಾಸ ಕಾಣುವುದಿಲ್ಲ. ಅವನು ಗುಂಡಿಯನ್ನು ಆಚೆ ತಿರುಗಿಸಿದ, ಈಚೆ ತಿರುಗಿಸಿದ. ಬೆಲ್ಟ್ ಅವನು ಹೇಳಿದ ಹಾಗೆ ಕೇಳಿತು. ನಾಯಿಯನ್ನು ಕರೆದು ತೋರಿಸಿದ. ಅಷ್ಟು ಸಂತೋಷಪಟ್ಟದ್ದನ್ನು ನಾನು ನೋಡಿರಲಿಲ್ಲ. ಅವನ ಮಾಟೆ ಕುಡಿದು ಹೊರಟೆ.

ಹತ್ತು ದಿನ ಆಯಿತು, ಬರಲಿಲ್ಲ. ಪಿಕಪ್ ಶಬ್ದ ಕೇಳಿದಾಗಲೆಲ್ಲ ನನ್ನ ಎಣಿಕೆ ತಪ್ಪುತ್ತಿತ್ತು. ಸುತ್ತು ಎಣಿಸುವವಳಿಗೆ ಅದು ಒಳ್ಳೆಯದಲ್ಲ, ಮೊದಲಿಂದ ಸುತ್ತಬೇಕು. ಹದಿನೈದನೇ ದಿನ ಒಂದೇ ಪಂಪಿನ ಕಾಯಿಲನ್ನು ಮೂರು ಸಲ ಸುತ್ತಿದೆ. ಒಫೇಲಿಯಾ ಸಿಹಿ ಬನ್ನು ತಂದಿಟ್ಟು, “ಏನೇ, ನಿನ್ನ ಹೊಗೆ ಕಾಣಿಸ್ತಾನೇ ಇಲ್ಲ?” ಎಂದಳು. ಮೋಟಾರ್ ಚೆನ್ನಾಗಿ ಓಡ್ತಿರಬೇಕು ಎಂದೆ. “ಅಷ್ಟು ಚೆನ್ನಾಗಿ ಯಾಕೆ ಮಾಡಿಕೊಟ್ಟೆ, ದಡ್ಡಿ,” ಎಂದಳು. ನಾನು ಬನ್ನು ತಿಂದೆ.

ಮೂರು ವಾರ ಕಳೆದ ಮೇಲೆ ನಾನೇ ಹೋದೆ.

ಅವನು ಗ್ರೈಂಡರಿನ ಮುಂದೆ ಮೈಯೆಲ್ಲ ಬಗ್ಗಿಸಿ ನಿಂತಿದ್ದ. ಬಲ ಮಣಿಕಟ್ಟಿಗೆ ಬಟ್ಟೆ ಸುತ್ತಿದ್ದ. ಡ್ರೈವ್‌ನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಎರಡೂ ಕೈಯಿಂದ ಅಲಗನ್ನು ಒತ್ತಿ, ಬೆಲ್ಟ್ ಇನ್ನೇನು ನಿಲ್ಲಬೇಕು ಅನ್ನುವಾಗ ಒಂಚೂರು ಬಿಟ್ಟು, ಮತ್ತೆ ಒತ್ತುತ್ತಿದ್ದ. ಮೋಟಾರ್ ನರಳುತ್ತಿತ್ತು. ಹೊರಗಿಂದಲೇ ಆ ಶಬ್ದ ನನಗೆ ತಿಳಿಯಿತು. ಅವನ ಕೈಯಲ್ಲಿದ್ದದ್ದು ನವೆಂಬರಿನ ದೊಡ್ಡ ಚಾಕು, ಉಕ್ಕಿನ ತುಂಬ ನೀರಿನ ಅಲೆಯಂಥ ಗೆರೆ. ಸಾಣೆ ಹೆಚ್ಚೂಕಡಿಮೆ ಮುಗಿದಿತ್ತು.

ಮೋಟಾರ್ ಹೇಗಿದೆ ಎಂದು ಕೇಳಿದೆ. ಚೆನ್ನಾಗಿದೆ ಎಂದ. ಸ್ವಲ್ಪ ನಿಧಾನಕ್ಕೆ ಕಚ್ಚುತ್ತದೆ, ಹಳೆಯದರ ಚಾಳಿಗೆ ತನ್ನ ಕೈ ಒರಟಾಗಿತ್ತು, ಈಗ ಇದಕ್ಕೆ ಒಗ್ಗುತ್ತಿದೆ ಎಂದ.

“ಮೂರು ವಾರದಿಂದ ಹೀಗೇ ಇದ್ರೆ ನನಗೊಂದು ಮಾತು ಹೇಳ್ಬಾರದಿತ್ತಾ?”

“ನೀವು ಆರಿಸಿದ ಮೋಟಾರಲ್ವಾ,” ಎಂದ. “ತಪ್ಪು ನನ್ನ ಕೈಯದೇ ಇರುತ್ತೆ ಅಂದ್ಕೊಂಡೆ.”

ಸ್ವಿಚ್ ಆಫ್ ಮಾಡಿದೆ. ಡ್ರೈವ್‌ನ ಕೆಂಪು ದೀಪ ಪೂರ್ತಿ ಆರುವವರೆಗೆ ಕಾದೆ. ಮುಚ್ಚಳ ಬಿಚ್ಚಿ, ಮೂರು ಪಟ್ಟಿಗಳನ್ನು ತೆಗೆದು ನೆಟ್ಟಗೆ ಹಾಕಿ ಬಿಗಿದೆ. ಐದು ನಿಮಿಷದ ಕೆಲಸ. ಅವನು ನೋಡುತ್ತ ನಿಂತಿದ್ದ.

“ಈಗ ನೋಡಿ,” ಎಂದೆ.

ಇಲ್ಲಿ ನಾನು ಎರಡನೆಯ ತಪ್ಪು ಮಾಡಿದೆ, ಇದು ಬೇಕೆಂದು ಮಾಡಿದ್ದಲ್ಲ. ಮೊದಲು ಯಾವುದಾದರೂ ಕಬ್ಬಿಣದ ಚೂರು ಹಿಡಿದು ನೋಡಿ ಎನ್ನಬೇಕಿತ್ತು. ಗುಂಡಿ ಇಳಿಸಿ ಎನ್ನಬೇಕಿತ್ತು. ನಾನು ಅವನ ಮುಖ ನೋಡುತ್ತಿದ್ದೆ. ಅವನು ಕೈಯಲ್ಲಿದ್ದ ಅಲಗನ್ನೇ, ಮೂರು ವಾರ ಕಲಿತ ಹಾಗೆಯೇ, ಮೈಭಾರವೆಲ್ಲ ಹಾಕಿ ಒತ್ತಿದ. ಬೆಲ್ಟ್ ಈ ಸಲ ನಿಧಾನವಾಗಲಿಲ್ಲ. ಕಿಡಿ ಅವನ ಎದೆಯೆತ್ತರ ಹಾರಿತು. ಕೈ ಹಿಂದಕ್ಕೆಳೆಯುವಷ್ಟರಲ್ಲಿ ಆಗಬೇಕಾದ್ದು ಆಗಿತ್ತು.

ಅಲಗನ್ನು ಕಿಟಕಿಯ ಬೆಳಕಿಗೆ ಹಿಡಿದ. ಅರ್ಧದಿಂದ ತುದಿಯವರೆಗೆ ಅಂಚು ಹಳ್ಳಬಿದ್ದಿತ್ತು. ತುದಿ ನೀಲಿಗಟ್ಟಿತ್ತು. ಅದನ್ನು ಸರಿಮಾಡುವುದು ಯಾರಿಂದಲೂ ಆಗುವುದಿಲ್ಲ.

“ಏನಿತ್ತು ಒಳಗೆ?” ಎಂದು ಕೇಳಿದ.

“ಪಟ್ಟಿ ಅಡ್ಡ ಇದ್ವು. ನೆಟ್ಟಗೆ ಹಾಕಬೇಕಿತ್ತು.”

“ಮರೆತಿದ್ರಾ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅವನು ನಂಬುತ್ತಿದ್ದ.

“ಇಲ್ಲ. ಗೊತ್ತಿದ್ದೇ ಬಿಟ್ಟೆ. ನೀವು ಬರಲಿ ಅಂತ.” ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಎಂದು ಉಳಿದದ್ದನ್ನೂ ಹೇಳಿದೆ. “ಹಳೇ ಮೋಟಾರೂ ಅಷ್ಟೇ. ಅದು ನಿಮ್ಮ ಕೆಲಸದ್ದಲ್ಲ ಅಂತ ಮೊದಲನೇ ಸಲವೇ ಗೊತ್ತಿತ್ತು.”

ಅವನು ಅಲಗನ್ನು ಕೆಳಗಿಟ್ಟ. ಮಣಿಕಟ್ಟಿನ ಬಟ್ಟೆ ಬಿಚ್ಚಿ ಮತ್ತೆ ಸುತ್ತಿಕೊಂಡ. ನಾಯಿ ಎದ್ದು ಬಂದು ನಮ್ಮಿಬ್ಬರ ನಡುವೆ ಕೂತಿತು.

“ಬರೋದಕ್ಕೆ ಮೋಟಾರ್ ಸುಡ್ಬೇಕಿತ್ತಾ?” ಎಂದ.

“ಸುಡದೇ ಇದ್ದಾಗ ಯಾವತ್ತಾದ್ರೂ ಬಂದಿದೀರಾ?”

ಅವನು ಯೋಚಿಸಿದ. ನಿಜಕ್ಕೂ ನೆನಪು ಮಾಡಿಕೊಳ್ಳುವವನ ಹಾಗೆ ತಗಡಿನ ಮಾಡು ನೋಡಿದ. ನಾನು ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಮಾಟೆ ಕುಡಿಯುತ್ತೀರಾ ಎಂದು ಅವನು ಕೇಳಲಿಲ್ಲ. ಕೇಳುವಂಥ ಹೊತ್ತೂ ಅಲ್ಲ.

ಆಗಸ್ಟ್ ಕಳೆಯಿತು. ಗುಜರಿಯವನು ಬಂದಾಗ ಗೋಡೆಯ ಹನ್ನೊಂದು ಕಟ್ಟನ್ನೂ ತಕ್ಕಡಿಗೆ ಹಾಕಿದೆ. ಮೂಲೆಯ ಗೋಣಿಚೀಲವನ್ನು ಅವನು ಕಾಲಿಂದ ಮುಟ್ಟಿ ಇದೂ ಇದೆಯಾ ಎಂದ. ಅದು ಗಿರಾಕಿಯ ಮೋಟಾರ್, ನನ್ನದಲ್ಲ ಎಂದೆ. ಅದು ನಿಜವೂ ಹೌದು. ವಾರಸುದಾರ ಬರುವವರೆಗೆ ಇಟ್ಟುಕೊಳ್ಳಬೇಕಾದ್ದು ಕಸುಬಿನ ನ್ಯಾಯ.

ಸೆಪ್ಟೆಂಬರಿನ ಒಂದು ಮಂಗಳವಾರ. ನಮ್ಮಲ್ಲಿ ಹನ್ನೆರಡೂವರೆಗೆ ಬಾಗಿಲು ಹಾಕಿದರೆ ತೆಗೆಯುವುದು ನಾಲ್ಕಕ್ಕೆ. ಊಟ, ನಿದ್ದೆ. ಅದು ಈ ಊರಿನ ನಾಯಿಗಳಿಗೂ ಗೊತ್ತು. ನಾಲ್ಕಕ್ಕೆ ಶಟರ್ ಎತ್ತುತ್ತಿರುವಾಗ ಒಫೇಲಿಯಾ ಬೇಕರಿಯಿಂದ ಬಂದಳು. ಕೈಯಲ್ಲಿ ಪತ್ರಿಕೆಯಲ್ಲಿ ಸುತ್ತಿದ ಏನೋ ಇತ್ತು.

“ಎರಡು ಗಂಟೆಗೆ ಬಂದಿದ್ದ. ನಾನು ಒಲೆ ತೊಳೀತಿದ್ದೆ, ಕಿಟಕಿ ತಟ್ಟಿದ. ನಿನಗೆ ಕೊಡು ಅಂದ.”

“ಕೈಯಲ್ಲಿ ಮೋಟಾರ್ ಇತ್ತಾ?”

“ಇಲ್ಲ ಕಣೇ. ಇದೊಂದೇ.”

ಬಿಚ್ಚಿದೆ. ಬೆರಳುದ್ದದ ಅಲಗು, ಜಿಂಕೆಕೊಂಬಿನ ಹಿಡಿ. ತಂತಿಯ ತುದಿಯಿಂದ ಎನಾಮೆಲ್ ಲೇಪ ಕೆರೆಯಲು ನಾನು ಇಷ್ಟು ವರ್ಷ ಮುರಿದ ಗರಗಸದ ಬ್ಲೇಡನ್ನು ಬಟ್ಟೆ ಸುತ್ತಿ ಬಳಸುತ್ತಿದ್ದೆ. ಸ್ಟೂಲಿನ ಮೇಲೆ ಕೂತು ಅದನ್ನು ಅವನು ನೋಡಿರಬೇಕು. ಆ ಕೆಲಸಕ್ಕೆ ಸರಿಯಾದ ಅಗಲ, ಸರಿಯಾದ ದಪ್ಪ. ಹಿಡಿಯ ಬುಡದಲ್ಲಿ ಉಕ್ಕಿನ ಗೆರೆಗಳನ್ನು ನೋಡಿದ ತಕ್ಷಣ ಗುರುತು ಸಿಕ್ಕಿತು. ನವೆಂಬರಿನ ಚಾಕುವಿನಲ್ಲಿ ಹಾಳಾಗದೆ ಉಳಿದ ಭಾಗ ಅದು.

“ನಾಣ್ಯ?” ಎಂದು ಕೇಳಿದೆ.

“ಅದೇ ನಾನೂ ಅಂದೆ. ಅವಳ ಪರವಾಗಿ ನಾನು ಕೊಡ್ತೀನಿ, ತಡಿ ಅಂತ ಗಲ್ಲಾ ಹುಡುಕಿ ಒಂದು ತೆಗೆದೆ. ಬೇಡ ಅಂದ.”

“ಬೇಡ ಅಂದ ಮೇಲೆ?”

“ಮೇಲೇನು, ಹೋದ. ಅಷ್ಟೇ ಅವನು ಆಡಿದ್ದು.” ಒಫೇಲಿಯಾ ನನ್ನ ಮುಖ ನೋಡಿದಳು. ಅವತ್ತು ಅವಳಿಗೂ ತಮಾಷೆ ಹೊಳೆಯಲಿಲ್ಲ. “ಏನಂತ ತಿಳ್ಕೋತೀಯೋ ನೀನೇ ನೋಡು,” ಎಂದು ಬ್ರೆಡ್ ತೆಗೆಯಲು ಹೋದಳು.

ನಾನು ಎರಡೂ ರೀತಿ ನೋಡಿದೆ. ಅಂಗಡಿ ಮುಚ್ಚಿರುವ ಹೊತ್ತನ್ನೇ ಆರಿಸಿಕೊಂಡು ಬಂದು, ನಾಣ್ಯ ಬೇಡ ಎಂದವನು ನಂಟನ್ನು ಕತ್ತರಿಸಿ ಹೋಗಿದ್ದಾನೆ. ಇಲ್ಲವೇ, ಕೈಯಲ್ಲಿ ಮೋಟಾರಿಲ್ಲದೆ ಮೊದಲ ಸಲ ಬಂದು, ಬೇರೆಯವರ ನಾಣ್ಯ ಮುಟ್ಟದೆ ಹೋದವನು ನನ್ನ ನಾಣ್ಯಕ್ಕೆ ಕಾಯುತ್ತಿದ್ದಾನೆ. ಎರಡರಲ್ಲಿ ಯಾವುದು ಎಂದು ಚಾಕು ನೋಡಿದರೆ ಗೊತ್ತಾಗುವುದಿಲ್ಲ. ಅದು ಬಹಳ ಚೆನ್ನಾಗಿ ಕೆರೆಯುತ್ತದೆ, ಅಷ್ಟೇ. ಅವತ್ತು ಸಂಜೆಯೇ ಒಂದು ಪಂಪಿನ ಹನ್ನೆರಡು ತುದಿಗಳನ್ನು ಅದರಲ್ಲೇ ಕೆರೆದೆ.

ವಾಷರ್ ಡಬ್ಬಿ ಸುರಿದು, ಮೋಟಾರ್ ಕಾಲಿಗೆ ಕೊಡಲು ಇಟ್ಟಿದ್ದ ನಾಣ್ಯಗಳಲ್ಲಿ ಒಂದು ಪೆಸೋ ಆರಿಸಿಕೊಂಡೆ. ಗ್ರೀಸ್ ಹೋಗುವಂತೆ ಸೀಮೆಎಣ್ಣೆಯಲ್ಲಿ ತೊಳೆದೆ. ಏಪ್ರನ್ ಜೇಬಿಗೆ ಹಾಕಿಕೊಂಡೆ.

ಇವತ್ತು ಗುರುವಾರ. ನಾಲ್ಕು ಕಿಲೋಮೀಟರ್ ದೂರವೇನಲ್ಲ. ಬುಧವಾರ ಹೋಗಲಿಲ್ಲ, ಕೆಲಸವಿತ್ತು. ಇವತ್ತೂ ಇದೆ. ಬಗ್ಗಿದಾಗಲೆಲ್ಲ ನಾಣ್ಯ ಟೆಸ್ಟರಿಗೆ ತಾಗಿ ಸದ್ದು ಮಾಡುತ್ತದೆ. ಬೀದಿಯಲ್ಲಿ ಪಿಕಪ್ ಹೋದರೆ ನಾನು ಸುತ್ತುವುದನ್ನು ನಿಲ್ಲಿಸಿ, ಎಷ್ಟನೇ ಸುತ್ತು ಎಂದು ಸೀಮೆಸುಣ್ಣದಲ್ಲಿ ಬರೆದಿಟ್ಟು, ಆಮೇಲೆ ತಲೆ ಎತ್ತುತ್ತೇನೆ.